ಸಮುದ್ರದ ತಳಕ್ಕೆ ಕರೆಂಟ್ ಕನೆಕ್ಷನ್: ಇಷ್ಟು ಖರ್ಚು ಮಾಡಿ ಕೇಬಲ್ ಯಾಕೆ ಎಳೆಯುತ್ತಾರೆ?

ಸುಮ್ನೆ ಓದುಗ · ಭಾನುವಾರ, ಬೆಳಿಗ್ಗೆ 8:10

ಮಗಳ ಶಾಲೆ ಪ್ರಾಜೆಕ್ಟಿಗೆ ಸಮುದ್ರದ ಬಗ್ಗೆ ಏನೋ ಹುಡುಕಲು ಹೋಗಿ ನಾನೇ ಸಿಕ್ಕಿಬಿದ್ದೆ. ಅವಳು ಒಂಬತ್ತಕ್ಕೆ ಮಲಗಿದಳು, ನಾನು ರಾತ್ರಿ ಒಂದೂವರೆವರೆಗೆ ಕೂತಿದ್ದೆ.

ಕೆನಡಾದ ಪಶ್ಚಿಮ ಕರಾವಳಿಯಲ್ಲಿ ನೆಪ್ಚೂನ್ ಅಂತ ಒಂದು ವೀಕ್ಷಣಾಲಯ ಇದೆ. ಕಟ್ಟಡ ಅಲ್ಲ, ಕೇಬಲ್. ವ್ಯಾಂಕೂವರ್ ದ್ವೀಪದ ಪೋರ್ಟ್ ಅಲ್ಬರ್ನಿ ಅನ್ನುವ ಊರಿನಿಂದ ಹೊರಟು, ಪೆಸಿಫಿಕ್ ತಳದಲ್ಲಿ 800 ಕಿ.ಮೀ.ಗೂ ಜಾಸ್ತಿ ಸುತ್ತು ಹಾಕಿ ಮತ್ತೆ ಅದೇ ಊರಿಗೆ ಬರುತ್ತದೆ. ದಾರಿಯಲ್ಲಿ ಅಲ್ಲಲ್ಲಿ ಕ್ಯಾಮೆರಾ, ಮೈಕು, ಭೂಕಂಪ ಮಾಪಕ. 2009ರ ಡಿಸೆಂಬರಿನಿಂದ ಹಗಲು ರಾತ್ರಿ ನಡೆಯುತ್ತಿದೆ.

ನನ್ನ ಪ್ರಶ್ನೆ ಇಷ್ಟೇ. ಮೇಲೆ ಉಪಗ್ರಹ ಇದೆ. ನೀರಿನಲ್ಲಿ ಸುಮಾರು 4,000 ಆರ್ಗೋ ತೇಲುಯಂತ್ರಗಳಿವೆ, 2,000 ಮೀಟರ್ ಇಳಿದು ಹತ್ತು ದಿನಕ್ಕೊಮ್ಮೆ ಮೇಲೆ ಬಂದು ಲೆಕ್ಕ ಒಪ್ಪಿಸುತ್ತವೆ. ಇಷ್ಟಿದ್ದೂ ಕೋಟಿಗಟ್ಟಲೆ ಸುರಿದು ತಳದಲ್ಲಿ ವೈರ್ ಎಳೆಯುವುದು ಯಾಕೆ? ಗೊತ್ತಿದ್ದವರು ಹೇಳಿ. ಬೈಯಬೇಡಿ.

ವಿಕ್ಟೋರಿಯಾ ಕನ್ನಡತಿ · ಭಾನುವಾರ, ಬೆಳಿಗ್ಗೆ 10:45

ಬೈಯುವುದೇನು, ಒಳ್ಳೆ ಪ್ರಶ್ನೆ. ಇದನ್ನು ನಡೆಸುವುದು ನಮ್ಮೂರಿನ ವಿಶ್ವವಿದ್ಯಾಲಯವೇ, ಓಷನ್ ನೆಟ್‌ವರ್ಕ್ಸ್ ಕೆನಡಾ ಅಂತ. ನಾನು ಅಲ್ಲಿ ಕೆಲಸ ಮಾಡುವವಳಲ್ಲ, ಲೆಕ್ಕಪತ್ರದ ಕೆಲಸದವಳು. ಆದರೆ ಸಂಜೆ ಹೊತ್ತು ಸೀರಿಯಲ್ ನೋಡುವ ಬದಲು ಸಮುದ್ರದ ತಳ ನೋಡುವ ಚಟ ಅಂಟಿದೆ. ಉಚಿತ ಖಾತೆ ತೆರೆದರೆ ಯಾರು ಬೇಕಾದರೂ ನೋಡಬಹುದು.

ಉಪಗ್ರಹಕ್ಕೆ ಕಾಣುವುದು ಸಮುದ್ರದ ಚರ್ಮ ಮಾತ್ರ. ರೇಡಿಯೋ ಅಲೆ ಉಪ್ಪುನೀರಿನೊಳಗೆ ದೂರ ಹೋಗುವುದಿಲ್ಲ. ಹಾಗಾಗಿ ತಳದಲ್ಲಿ ಯಂತ್ರ ಇಟ್ಟರೆ ಅದು ಬ್ಯಾಟರಿಯಲ್ಲಿ ಬದುಕಬೇಕು. ಬ್ಯಾಟರಿ ಉಳಿಸಬೇಕು ಅಂದರೆ ಗಂಟೆಗೆ ಒಂದು ಸಲ ಕಣ್ಣು ಬಿಟ್ಟು ಮತ್ತೆ ಮುಚ್ಚಬೇಕು. ವರ್ಷ ಆದ ಮೇಲೆ ಹಡಗಿನಲ್ಲಿ ಹೋಗಿ ಎತ್ತಿ ತಂದರೆ ಆಗ ಗೊತ್ತಾಗುತ್ತದೆ ಏನಾಗಿತ್ತು ಅಂತ. ಅದೂ ಯಂತ್ರ ಉಳಿದಿದ್ದರೆ. ಕೇಬಲ್ ಇದ್ದರೆ ಲೈಟ್ ಹಾಕಬಹುದು, ವಿಡಿಯೋ ಕಳಿಸಬಹುದು, ಇಲ್ಲಿಂದಲೇ ಕ್ಯಾಮೆರಾ ತಿರುಗಿಸಬಹುದು.

ಒಂದು ಕಥೆ ಹೇಳುತ್ತೇನೆ. 2013ರ ಜನವರಿ. ಬಾರ್ಕ್ಲಿ ಕ್ಯಾನ್ಯನ್ ಅನ್ನುವ ಸಮುದ್ರದೊಳಗಿನ ಕಣಿವೆ, 894 ಮೀಟರ್ ಆಳ, ಕಾಡಿಗೆಯಂಥ ಕತ್ತಲೆ. ಕ್ಯಾಮೆರಾದ ಲೈಟಿನಲ್ಲಿ ಒಂದು ಹ್ಯಾಗ್‌ಫಿಶ್ ಬಿದ್ದಿದೆ. ಹಾವಿನಂಥ ಮೀನು ಅದು, ಮುಟ್ಟಿದರೆ ಬೊಗಸೆಗಟ್ಟಲೆ ಲೋಳೆ ಬಿಡುತ್ತದೆ, ಬಾಯಿ ಹಾಕಿದ ಮೀನು ಸಾಮಾನ್ಯವಾಗಿ ಉಗುಳಿಬಿಡುತ್ತದೆ. ಇದ್ದಕ್ಕಿದ್ದಂತೆ ಮೇಲಿಂದ ಒಂದು ಮೂಗು ಬಂತು. ಮೂಗು, ಹೊಳ್ಳೆ, ಮೀಸೆ. ಹ್ಯಾಗ್‌ಫಿಶ್ ಅನ್ನು ಶಾವಿಗೆ ಹೀರಿದ ಹಾಗೆ ಸುರ್ರ್ ಅಂತ ಹೀರಿಕೊಂಡು ಮಾಯ. ಇದನ್ನು ಗಮನಿಸಿದ್ದು ಇಲ್ಲಿನ ವಿಜ್ಞಾನಿಗಳಲ್ಲ, ಉಕ್ರೇನಿನ ಡೊನೆಟ್ಸ್ಕ್‌ನಲ್ಲಿ ಮನೆಯಲ್ಲಿ ಕೂತು ವಿಡಿಯೋ ನೋಡುತ್ತಿದ್ದ 14 ವರ್ಷದ ಹುಡುಗ. ಇದೇನು ಪ್ರಾಣಿ ಅಂತ ಅವನೇ ಬರೆದು ಕೇಳಿದ. ಆಮೇಲೆ ಗೊತ್ತಾಯಿತು, ಹೆಣ್ಣು ಎಲಿಫೆಂಟ್ ಸೀಲ್. ಗಾಳಿ ಉಸಿರಾಡುವ ಪ್ರಾಣಿ ಅಷ್ಟು ಆಳದಲ್ಲಿ ಊಟ ಮಾಡುವುದು ಕಣ್ಣಿಗೆ ಬಿದ್ದಿದ್ದು ಹೀಗೆ. ಆ ಹೊತ್ತಿಗೆ ಕ್ಯಾಮೆರಾ ನಿದ್ದೆ ಮಾಡುತ್ತಿದ್ದರೆ?

ಲೆಕ್ಕದ ಮೇಷ್ಟ್ರು · ಭಾನುವಾರ, ಮಧ್ಯಾಹ್ನ 12:20

ಅಕ್ಕಾ, ಕಥೆ ಚೆನ್ನಾಗಿದೆ. ಆದರೆ ಒಂದು ಸೀಲ್ ಊಟ ಮಾಡುವುದನ್ನು ನೋಡಲು ಹತ್ತಾರು ಕೋಟಿ ಡಾಲರ್? ನನಗೆ ಕೇಬಲ್ಲಿನ ತಕರಾರು ಬೇರೆ. ಅದು ಒಂದೇ ಜಾಗ ನೋಡುತ್ತದೆ. ಸಮುದ್ರವೋ ಅಷ್ಟು ದೊಡ್ಡದು. ಬೀದಿಯಲ್ಲಿ ಒಂದು ಸಿಸಿಟಿವಿ ಹಾಕಿ ಊರಿನ ಸಮಾಚಾರ ಗೊತ್ತಾಯಿತು ಅಂದ ಹಾಗೆ. ಅದೇ ದುಡ್ಡಿಗೆ ಎಷ್ಟು ತೇಲುಯಂತ್ರ ಬಿಡಬಹುದಿತ್ತು!

ತಂತಿ ರಾಮಣ್ಣ · ಭಾನುವಾರ, ಸಂಜೆ 6:05

ಮೇಷ್ಟ್ರೇ, ನಾನು ಹನ್ನೊಂದು ವರ್ಷ ಕೇಬಲ್ ಹಾಕುವ ಹಡಗಿನಲ್ಲಿ ದುಡಿದವನು. ಈಗ ಹಾಸನದಲ್ಲಿ ಕಾಫಿ ನೋಡಿಕೊಂಡು ಇದ್ದೇನೆ. ಖರ್ಚಿನ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಇದು ಹೇಗೆ ನಡೆಯುತ್ತದೆ ಹೇಳುತ್ತೇನೆ, ಆಗ ಖರ್ಚು ಎಲ್ಲಿ ಅಂತ ತಾನೇ ಗೊತ್ತಾಗುತ್ತದೆ.

ಕೇಬಲ್ ಸಾಮಾನ್ಯ ಇಂಟರ್ನೆಟ್ ಕೇಬಲ್ಲೇ. ನಡುವೆ ಕೂದಲಿನಂಥ ಗಾಜಿನ ಎಳೆ, ಸುತ್ತ ಉಕ್ಕಿನ ತಂತಿ, ತಾಮ್ರ, ಪ್ಲಾಸ್ಟಿಕ್. ತಾಮ್ರದಲ್ಲಿ 10,000 ವೋಲ್ಟ್ ಡಿಸಿ ಹೋಗುತ್ತದೆ. ವಾಪಸ್ ಬರುವ ತಂತಿ ಇಲ್ಲ, ಸಮುದ್ರವೇ ವಾಪಸ್ ದಾರಿ. ತಳದಲ್ಲಿ ನೋಡ್ ಅಂತ ದೊಡ್ಡ ಪೆಟ್ಟಿಗೆ, ಅದು 10,000 ವೋಲ್ಟನ್ನು 400ಕ್ಕೆ ಇಳಿಸುತ್ತದೆ. ಅಲ್ಲಿಂದ ಚಿಕ್ಕ ಪೆಟ್ಟಿಗೆಗಳು, ಅವು ಇನ್ನೂ ಇಳಿಸಿ ಒಂದೊಂದು ಯಂತ್ರಕ್ಕೆ ಕೊಡುತ್ತವೆ. ನಮ್ಮೂರಿನ ಟ್ರಾನ್ಸ್‌ಫಾರ್ಮರ್, ಕಂಬ, ಮನೆ ಮೀಟರ್ ಇದ್ದ ಹಾಗೇ.

ಕಷ್ಟ ಇರುವುದು ಕೇಬಲ್ಲಿನಲ್ಲಿ ಅಲ್ಲ, ಪ್ಲಗ್ಗಿನಲ್ಲಿ. ಎರಡು ಕಿಲೋಮೀಟರ್ ಆಳದಲ್ಲಿ, ನೀರೊಳಗೇ ಪ್ಲಗ್ ಚುಚ್ಚಬೇಕು. ಚುಚ್ಚುವುದು ಆರ್‌ಓವಿ ಅನ್ನುವ ರೋಬೋ, ಮೇಲೆ ಹಡಗಿನಲ್ಲಿ ಕೂತವನು ಕಡ್ಡಿ ಅಲ್ಲಾಡಿಸಿ ಅದರ ಕೈ ಆಡಿಸುತ್ತಾನೆ. ಪ್ಲಗ್ಗಿನ ಒಳಗೆ ಎಣ್ಣೆ ತುಂಬಿರುತ್ತದೆ. ಪಿನ್ನು ಒಳಗೆ ಹೋಗುವಾಗ ರಬ್ಬರ್ ತುಟಿ ಅದರ ಮೈಮೇಲಿನ ನೀರನ್ನು ಒರೆಸಿ ಹಾಕುತ್ತದೆ, ಎಣ್ಣೆಯಲ್ಲೇ ಸಂಪರ್ಕ ಆಗುತ್ತದೆ. ಒಂದು ಹನಿ ಉಪ್ಪುನೀರು ನುಗ್ಗಿದರೂ ಕಥೆ ಮುಗಿಯಿತು.

ನಮ್ಮದೇ ಒಂದು ಕೆಲಸದಲ್ಲಿ (ಯಾರಿಗಾಗಿ, ಎಲ್ಲಿ ಅಂತ ಬೇಡ) ಎಲ್ಲ ಇಳಿಸಿ, ಜೋಡಿಸಿ, ಚಹಾ ಕುಡಿಯಲು ಕೂತಿದ್ದೆವು. ಮೆಗ್ಗರ್, ಅಂದರೆ ಕರೆಂಟ್ ಸೋರುತ್ತಿದೆಯಾ ಅಂತ ನೋಡುವ ಮೀಟರ್ ಹಾಕಿದವನು ಮುಖ ಸಣ್ಣಗೆ ಮಾಡಿಕೊಂಡು ಬಂದ. ಇನ್ಸುಲೇಷನ್ ಬೀಳುತ್ತಿದೆ. ಹವಾಮಾನ ಕೆಡುವ ಮೊದಲು ಎತ್ತಿದೆವು, ಎರಡು ದಿನ ಹೋಯಿತು. ಬಿಚ್ಚಿ ನೋಡಿದರೆ ನೀರು ತಡೆಯುವ ರಬ್ಬರ್ ಬಳೆ, ಓ-ರಿಂಗಿನ ಮೇಲೆ ಒಂದು ಕೂದಲು. ನಮ್ಮಲ್ಲೇ ಯಾರದ್ದೋ ತಲೆಗೂದಲು. ಅವತ್ತಿನಿಂದ ಹಡಗಿನಲ್ಲಿ ಬೋಳು ತಲೆಯವರಿಗೇ ಆ ಕೆಲಸ ಅಂತ ತಮಾಷೆ ಶುರುವಾಯಿತು.

ಕ್ಯಾಲಿಫೋರ್ನಿಯಾದ ಮಾಂಟೆರಿ ಕೊಲ್ಲಿಯಲ್ಲಿ ಮಾರ್ಸ್ ಅಂತ ಇದೆ, 52 ಕಿ.ಮೀ. ಕೇಬಲ್, 891 ಮೀಟರ್ ಆಳ. 2008ರ ಆರಂಭದಲ್ಲಿ ಕರೆಂಟ್ ಕೊಟ್ಟ ಸ್ವಲ್ಪ ಹೊತ್ತಿಗೇ ಕನೆಕ್ಟರಿನಲ್ಲಿ ನೀರು ಸೋರಿ ನಿಂತುಹೋಯಿತು. ಮೇಲೆತ್ತಿ ಸರಿಮಾಡಿ ಮತ್ತೆ ಶುರುವಾಗುವಾಗ ನವೆಂಬರ್. ದುಡ್ಡು ಹೋಗುವುದು ಇಲ್ಲಿ ಮೇಷ್ಟ್ರೇ: ಹಡಗಿನ ದಿನಬಾಡಿಗೆ, ಆರ್‌ಓವಿ, ಕಾಯುವ ದಿನಗಳು.

ಲೆಕ್ಕದ ಮೇಷ್ಟ್ರು · ಭಾನುವಾರ, ಸಂಜೆ 7:30

ರಾಮಣ್ಣ, ನೀವು ನನ್ನ ವಾದವನ್ನೇ ಗಟ್ಟಿ ಮಾಡಿದಿರಲ್ಲ.

ತಂತಿ ರಾಮಣ್ಣ · ಭಾನುವಾರ, ಸಂಜೆ 7:34

ಗೊತ್ತು. ನಿಜ ಹೇಳಬೇಕಲ್ಲ. ಆದರೆ ಅಗ್ಗದ ದಾರಿಯೂ ಇದೆ. ಹವಾಯಿಯ ಒವಾಹು ದ್ವೀಪದಿಂದ 100 ಕಿ.ಮೀ. ಉತ್ತರಕ್ಕೆ ಅಲೋಹಾ ವೀಕ್ಷಣಾಲಯ, 4,700 ಮೀಟರಿಗೂ ಜಾಸ್ತಿ ಆಳದಲ್ಲಿ. ಅವರು ಹೊಸ ಕೇಬಲ್ ಎಳೆಯಲೇ ಇಲ್ಲ. ಟೆಲಿಫೋನ್ ಕಂಪನಿ ಕೆಲಸ ಮುಗಿಸಿ ಬಿಟ್ಟಿದ್ದ ಹಳೆ ಕೇಬಲ್ಲಿಗೇ 2011ರಲ್ಲಿ ಯಂತ್ರ ಜೋಡಿಸಿದರು. ಹಳೆ ಸೀರೆಯಲ್ಲಿ ಕೌದಿ ಹೊಲಿದ ಹಾಗೆ.

ಮಲ್ಪೆ ಬಂದರು · ಭಾನುವಾರ, ರಾತ್ರಿ 9:15

ಮಾರಾಯ್ರೆ, ನೀವೆಲ್ಲ ಕೂದಲು, ಎಣ್ಣೆ ಅಂತಿದ್ದೀರಿ. ಬಲೆಯ ವಿಷಯ ಯಾರೂ ಎತ್ತಲಿಲ್ಲ.

ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಮೀನುಗಾರಿಕೆ. ಅಪ್ಪ ತಾಂಡೇಲರಾಗಿದ್ದರು, ಅಂದರೆ ಬೋಟು ನಡೆಸುವವರು. ಟ್ರಾಲ್ ಬಲೆ ಅಂದರೆ ಸುಮ್ನೆ ಬಲೆ ಅಲ್ಲ. ಬಾಯಿ ಅಗಲವಾಗಿರಲಿ ಅಂತ ಎರಡು ಬದಿಗೆ ಭಾರದ ಬೋರ್ಡ್ ಕಟ್ಟಿರುತ್ತದೆ. ಅವು ತಳವನ್ನು ಕೆರೆದುಕೊಂಡೇ ಹೋಗುತ್ತವೆ. ಕೆಳಗೆ ಏನಾದರೂ ಸಿಕ್ಕಿದರೆ ಒಂದೋ ಅದು ಹೋಗಬೇಕು, ಇಲ್ಲ ನಮ್ಮ ಬಲೆ ಹೋಗಬೇಕು. ಬಲೆ ಹೋದರೆ ಆ ಸಲದ ಡೀಸೆಲ್ ದುಡ್ಡೂ ಹುಟ್ಟುವುದಿಲ್ಲ. ಅಪ್ಪನ ಬೋಟಿಗೆ ಒಂದು ಸಲ ಏನೋ ಸಿಕ್ಕಿಕೊಂಡು ಬೋಟೇ ಹಿಂದಕ್ಕೆ ಎಳೆದಂತಾಯಿತಂತೆ. ಅಪ್ಪ ಬಲೆ ಕಡಿದು ಬಿಟ್ಟು ಬಂದರು. ಏನಿತ್ತು ಅಂತ ಇವತ್ತಿಗೂ ಗೊತ್ತಿಲ್ಲ.

ಹಾಗಾಗಿ ಕೇಳುತ್ತಿದ್ದೇನೆ. ಕೆನಡಾದಲ್ಲಿ ಬೋಟುಗಳಿಲ್ವಾ?

ವಿಕ್ಟೋರಿಯಾ ಕನ್ನಡತಿ · ಭಾನುವಾರ, ರಾತ್ರಿ 10:50

ಇವೆ ಇವೆ. ದಡದ ಹತ್ತಿರ ಕೇಬಲ್ಲನ್ನು ಮಣ್ಣಿನಲ್ಲಿ ಹೂಳುತ್ತಾರೆ. ನೋಡ್‌ಗಳ ಮೇಲೆ ಬಲೆ ಜಾರಿ ಹೋಗುವ ಹಾಗೆ ಇಳಿಜಾರಿನ ಉಕ್ಕಿನ ಚೌಕಟ್ಟು. ಕೇಬಲ್ ಉಂಗುರದ ಹಾಗಿರುವುದೂ ಅದಕ್ಕೇ. ಒಂದು ಕಡೆ ತುಂಡಾದರೆ ಇನ್ನೊಂದು ಕಡೆಯಿಂದ ಕರೆಂಟ್ ಕೊಡಬಹುದು.

ತ್ಸುಕುಬಾ ತಮ್ಮ · ಸೋಮವಾರ, ಬೆಳಿಗ್ಗೆ 6:40

ಮಲ್ಪೆಯವರ ಮಾತು ಸುಳ್ಳಲ್ಲ. ಜರ್ಮನಿಯ ಬಾಲ್ಟಿಕ್ ಕರಾವಳಿಯ ಬೋಕ್ನಿಸ್ ಎಕ್‌ನಲ್ಲಿ ಒಂದು ವೀಕ್ಷಣಾಲಯ ಇತ್ತು. 2019ರ ಆಗಸ್ಟ್ 21ರ ಸಂಜೆ ಇದ್ದಕ್ಕಿದ್ದಂತೆ ಮಾಹಿತಿ ನಿಂತಿತು. ಸಿಗ್ನಲ್ ತೊಂದರೆ ಇರಬೇಕು ಅಂದುಕೊಂಡರು. ಮುಳುಗುಗಾರರು ಕೆಳಗಿಳಿದು ನೋಡಿದರೆ ಯಂತ್ರವೇ ಇಲ್ಲ! ದಡಕ್ಕೆ ಬರುತ್ತಿದ್ದ ಕೇಬಲ್ಲಿನ ಹರಿದ ತುದಿ ಮಾತ್ರ. ನೂರಾರು ಕಿಲೋ ಭಾರದ, ಸುಮಾರು 3 ಲಕ್ಷ ಯೂರೋ ಬೆಲೆಯ ಸಾಮಾನು. ಬೋಟುಗಳು ಹೋಗಬಾರದು ಅಂತ ನಿಷೇಧ ಇದ್ದ ಜಾಗ ಅದು.

ನಾರ್ವೆಯ ಉತ್ತರದಲ್ಲಿ ಇನ್ನೂ ವಿಚಿತ್ರ. 2021ರ ಏಪ್ರಿಲಿನಲ್ಲಿ ಅಲ್ಲಿನ ಲೋಫೋಟೆನ್-ವೆಸ್ಟರೋಲೆನ್ ವೀಕ್ಷಣಾಲಯದ 4 ಕಿ.ಮೀ.ಗಿಂತ ಜಾಸ್ತಿ ಕೇಬಲ್ ಕಿತ್ತುಹೋಗಿತ್ತು. ಕಳ್ಳತನವಾ, ಬಲೆಯಾ, ಬೇರೆ ದೇಶದ ಕೈವಾಡವಾ ಅಂತ ಬಹಳ ಮಾತಾಯಿತು. ಅಲ್ಲಿನ ನೀರಿನ ಮೈಕುಗಳಿಗೆ ಜಲಾಂತರ್ಗಾಮಿಗಳ ಸದ್ದೂ ಕೇಳುತ್ತದಲ್ಲ.

ಸುಮ್ನೆ ಓದುಗ · ಸೋಮವಾರ, ಬೆಳಿಗ್ಗೆ 7:55

ತಡೀರಿ ತಡೀರಿ. ಕೆನಡಾದವರು ಆ ಸದ್ದನ್ನೆಲ್ಲ ಊರಿಗೆಲ್ಲ ಕೇಳಿಸುತ್ತಿದ್ದಾರಲ್ಲ? ಅವರ ನೌಕಾಪಡೆ ಸುಮ್ಮನೆ ಕೂತಿದೆಯಾ?

ವಿಕ್ಟೋರಿಯಾ ಕನ್ನಡತಿ · ಸೋಮವಾರ, ಬೆಳಿಗ್ಗೆ 9:10

ಕೂತಿಲ್ಲ. ಹೈಡ್ರೋಫೋನ್, ಅಂದರೆ ನೀರಿನ ಮೈಕಿನ ಮಾಹಿತಿಯನ್ನು ಬೇಕಾದಾಗ ತನ್ನ ಕಡೆ ತಿರುಗಿಸಿಕೊಳ್ಳುವ ಏರ್ಪಾಡು ನೌಕಾಪಡೆಗೆ ಇದೆ. ಪರೀಕ್ಷಿಸಿ, ಸೂಕ್ಷ್ಮವಾದದ್ದು ತೆಗೆದು, ಉಳಿದದ್ದನ್ನು ವಾಪಸ್ ಬಿಡುತ್ತಾರೆ. ಕೆಲವು ಸಲ ನಾವು ತಿಮಿಂಗಿಲ ಕೇಳೋಣ ಅಂತ ಕೂತರೆ ಅಲ್ಲಿ ಖಾಲಿ. ಆಗ ಅರ್ಥ ಮಾಡಿಕೊಳ್ಳಬೇಕು, ಯಾರೋ ದೊಡ್ಡವರು ಓಡಾಡುತ್ತಿರಬಹುದು ಅಂತ.

ತ್ಸುಕುಬಾ ತಮ್ಮ · ಸೋಮವಾರ, ಸಂಜೆ 5:20

ಈಗ ಮೇಷ್ಟ್ರ ಸಿಸಿಟಿವಿ ಮಾತಿಗೆ ಬರುತ್ತೇನೆ. ನಾನಿರುವ ಊರಿನಲ್ಲಿ ಜಪಾನಿನ ಭೂಕಂಪ ಸಂಶೋಧನೆಯ ಸಂಸ್ಥೆ ಇದೆ, ಹೆಸರು ಎನ್‌ಐಇಡಿ. ನಾನು ಅದರ ನೌಕರನಲ್ಲ, ಪಕ್ಕದ ಬೀದಿಯವನು. ಆದರೆ ಇಲ್ಲಿದ್ದ ಮೇಲೆ ಈ ವಿಷಯ ಕಿವಿಗೆ ಬೀಳದೆ ಇರುವುದಿಲ್ಲ.

2011ರ ಮಾರ್ಚ್ 11. ಭೂಕಂಪ ಆದ ಮೂರೇ ನಿಮಿಷಕ್ಕೆ ಸುನಾಮಿ ಎಚ್ಚರಿಕೆ ಹೋಯಿತು. ಮೆಚ್ಚಬೇಕಾದ ವೇಗ. ಆದರೆ ದಡದ ಯಂತ್ರಗಳ ಲೆಕ್ಕ ನಂಬಿ ಭೂಕಂಪದ ಪ್ರಮಾಣ 7.9 ಅಂದುಕೊಂಡರು. ಇವಾತೆ ಅನ್ನುವ ಕರಾವಳಿ ಪ್ರಾಂತ್ಯಕ್ಕೆ 3 ಮೀಟರ್ ಅಲೆ ಅಂದರು. ಅಸಲಿಗೆ ಅದು 9.0. ಮೂರು ಮೀಟರ್ ತಾನೇ, ತಡೆಗೋಡೆ ಇದೆಯಲ್ಲ ಅಂತ ಮನೆಯಲ್ಲೇ ಉಳಿದವರಿದ್ದರು. ಎಚ್ಚರಿಕೆಯನ್ನು ಏರಿಸುವ ಹೊತ್ತಿಗೆ ಎಷ್ಟೋ ಕಡೆ ಕರೆಂಟ್ ಹೋಗಿತ್ತು.

ಕಮಾಯಿಶಿ ಊರಿನ ಆಚೆ ಸಮುದ್ರದ ತಳದಲ್ಲಿ ಟೋಕಿಯೋ ವಿಶ್ವವಿದ್ಯಾಲಯದ ಒಂದು ಹಳೆ ಕೇಬಲ್ ಇತ್ತು, 1996ರದ್ದು. ಅದರಲ್ಲಿ ಎರಡು ಒತ್ತಡ ಮಾಪಕ. ಅಲೆ ಮೇಲೆ ಹಾದುಹೋದಾಗ ನೀರಿನ ಮಟ್ಟ ಸುಮಾರು 5 ಮೀಟರ್ ಏರಿದ್ದನ್ನು ಅವು ಬರೆದುಕೊಂಡವು. ನಡುಸಮುದ್ರದಲ್ಲಿ 5 ಮೀಟರ್ ಅಂದರೆ ದಡದಲ್ಲಿ ಏನು ಅಂತ ಯೋಚಿಸಿ. ಅದೇ ಸುನಾಮಿ ಬಂದು ದಡದ ಕಟ್ಟಡವನ್ನು ಹಾಳುಮಾಡುವವರೆಗೂ ಮಾಹಿತಿ ಬರುತ್ತಲೇ ಇತ್ತು.

ಆಮೇಲೆ ಜಪಾನ್ ಎಸ್-ನೆಟ್ ಹಾಕಿತು. 150 ಕೇಂದ್ರ, ಸುಮಾರು 5,500 ಕಿ.ಮೀ. ಕೇಬಲ್. ಇದರಿಂದ ಭೂಕಂಪದ ಎಚ್ಚರಿಕೆ 30 ಸೆಕೆಂಡ್‌ವರೆಗೆ, ಸುನಾಮಿಯ ಸುಳಿವು 20 ನಿಮಿಷದವರೆಗೆ ಬೇಗ ಸಿಗಬಹುದು ಅನ್ನುವುದು ಲೆಕ್ಕ. ಆರ್ಗೋ ಹತ್ತು ದಿನಕ್ಕೊಮ್ಮೆ ಮೇಲೆ ಬರುತ್ತದೆ ಮೇಷ್ಟ್ರೇ. ಸುನಾಮಿ ಕಾಯುವುದಿಲ್ಲ.

ಇದರಲ್ಲೂ ಎಡವಟ್ಟಿದೆ, ಮುಚ್ಚಿಡುವುದಿಲ್ಲ. ಯಂತ್ರ ಇರುವುದು ಉರುಟು ಕೊಳವೆಯೊಳಗೆ. ಅದು ಮೆತ್ತನೆ ಕೆಸರಿನ ಮೇಲೆ ಕೂತಿದೆ. ಜೋರಾಗಿ ಅಲ್ಲಾಡಿದರೆ ಕೊಳವೆಯೇ ಸ್ವಲ್ಪ ಹೊರಳುತ್ತದೆ, ಆಗ ಭೂಕಂಪ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಹಾಗಾಗಿ ಸಮುದ್ರದ ಯಂತ್ರದ ಅಂಕಿಯನ್ನು ನೆಲದ ಯಂತ್ರದ ಸೂತ್ರಕ್ಕೆ ಹಾಗೇ ಹಾಕುವಂತಿಲ್ಲ.

ಲೆಕ್ಕದ ಮೇಷ್ಟ್ರು · ಸೋಮವಾರ, ರಾತ್ರಿ 8:00

ಸುನಾಮಿ ವಿಷಯದಲ್ಲಿ ಸೋತೆ. ಜೀವದ ಪ್ರಶ್ನೆ, ಲೆಕ್ಕ ಹಾಕಬಾರದು. ಆದರೆ ವಿಜ್ಞಾನಕ್ಕೆ ಅಂತಲೇ ಹಾಕಿದ ಕೇಬಲ್ಲಿನ ಬಗ್ಗೆ ನನ್ನ ಅನುಮಾನ ಹಾಗೇ ಇದೆ.

ವಿಕ್ಟೋರಿಯಾ ಕನ್ನಡತಿ · ಸೋಮವಾರ, ರಾತ್ರಿ 10:30

ಹಾಗಾದರೆ ಆಕ್ಸಿಯಲ್ ಕೇಳಿ. ಅಮೆರಿಕದ ಆರೆಗಾನ್ ದಡದಿಂದ ಸುಮಾರು 480 ಕಿ.ಮೀ. ದೂರ, ನೀರಿನಡಿಯ ಜ್ವಾಲಾಮುಖಿ. ವಾಷಿಂಗ್ಟನ್ ವಿಶ್ವವಿದ್ಯಾಲಯದವರ ಕೇಬಲ್ ಅಲ್ಲಿಗೆ ಮುಟ್ಟಿದ್ದು 2014ರಲ್ಲಿ. ಬಿಲ್ ಚಾಡ್ವಿಕ್, ಸ್ಕಾಟ್ ನೂನರ್ ಅನ್ನುವ ಇಬ್ಬರು ವಿಜ್ಞಾನಿಗಳು ಮೊದಲೇ ಹೇಳಿದ್ದರು, 2015ರಲ್ಲಿ ಇದು ಉಕ್ಕಬಹುದು ಅಂತ. ಕೆಳಗೆ ಶಿಲಾರಸ ತುಂಬುತ್ತಿದ್ದರೆ ನೆಲ ಪೂರಿ ಹಾಗೆ ಉಬ್ಬುತ್ತದೆ, ಅದನ್ನು ಅಳೆದಿದ್ದರು.

2015ರ ಏಪ್ರಿಲ್ 24. ಒಂದೇ ದಿನದಲ್ಲಿ ಸಾವಿರಗಟ್ಟಲೆ ಪುಟ್ಟ ಭೂಕಂಪ. ನೆಲ ಕುಸಿಯಲು ಶುರುವಾಗಿ ಒಟ್ಟು 2.4 ಮೀಟರ್ ಕೆಳಗಿಳಿಯಿತು. ಲಾವಾ ನೀರಿಗೆ ತಾಗಿ ಸಿಡಿಯುವ ಸದ್ದು ಸಾವಿರಾರು ಸಲ. ಇದೆಲ್ಲ ಆಗುತ್ತಿರುವಾಗಲೇ ದಡದಲ್ಲಿ ಕೂತವರಿಗೆ ಗೊತ್ತಾಯಿತು. ಅದಕ್ಕೆ ಮೊದಲು 2011ರಲ್ಲಿ ಅದೇ ಪರ್ವತ ಉಕ್ಕಿದ್ದಾಗ ಗೊತ್ತಾಗಿದ್ದು ತಿಂಗಳುಗಳ ನಂತರ. ಹಡಗಿನಲ್ಲಿ ಹೋದವರು ತಾವು ಇಟ್ಟ ಯಂತ್ರ ಹುಡುಕಿದರೆ ಅದರ ಮೇಲೆ ಹೊಸ ಲಾವಾ!

ಭವಿಷ್ಯ ಪ್ರತಿ ಸಲ ಫಲಿಸುವುದಿಲ್ಲ ಅನ್ನಿ. 2025 ಮುಗಿಯುವುದರೊಳಗೆ ಮತ್ತೆ ಉಕ್ಕುತ್ತದೆ ಅಂದಿದ್ದರು, ಆಮೇಲೆ ಅವರೇ ಮುಂದಕ್ಕೆ ಹಾಕಿದರು. ನನಗೆ ಅದೇ ಇಷ್ಟವಾಗಿದ್ದು. ಊರೆಲ್ಲ ನೋಡುವ ಹಾಗೆ ಬ್ಲಾಗಿನಲ್ಲಿ ಬರೆದು, ತಪ್ಪಿದಾಗ ತಪ್ಪಿದೆ ಅಂತಲೂ ಬರೆಯುವುದು.

ತಂತಿ ರಾಮಣ್ಣ · ಮಂಗಳವಾರ, ಬೆಳಿಗ್ಗೆ 6:15

ಮೇಷ್ಟ್ರಿಗೆ ಇನ್ನೊಂದು. ನಾನು ಹಡಗು ಬಿಡುವ ಹೊತ್ತಿಗೆ ಈ ವಿದ್ಯೆ ಹೊಸದಾಗಿ ಬರುತ್ತಿತ್ತು. ಯಂತ್ರ ಜೋಡಿಸುವುದೇ ಬೇಡ, ಗಾಜಿನ ಎಳೆಯೇ ಯಂತ್ರ. ಒಂದು ತುದಿಯಿಂದ ಲೇಸರ್ ಮಿಣುಕು ಬಿಡುತ್ತಾರೆ. ಗಾಜಿನೊಳಗಿನ ಸಣ್ಣ ಸಣ್ಣ ಕೊರತೆಗಳಿಂದ ಸ್ವಲ್ಪ ಬೆಳಕು ವಾಪಸ್ ಬರುತ್ತದೆ. ನೆಲ ಅಲ್ಲಾಡಿ ಎಳೆ ಕೂದಲೆಳೆಯಷ್ಟು ಹಿಗ್ಗಿದರೂ ಆ ಬೆಳಕಿನಲ್ಲಿ ವ್ಯತ್ಯಾಸ. 2018ರಲ್ಲಿ ಮಾರ್ಸ್ ಕೇಬಲ್ ರಿಪೇರಿಗೆ ನಿಂತಿದ್ದ ನಾಲ್ಕು ದಿನ ಬರ್ಕ್ಲಿ ವಿಶ್ವವಿದ್ಯಾಲಯದವರು ಅದರ 20 ಕಿ.ಮೀ. ಎಳೆಯನ್ನು ಹೀಗೆ ಬಳಸಿದರು. ಸುಮಾರು 10,000 ಭೂಕಂಪ ಮಾಪಕ ಸಾಲಾಗಿ ಇಟ್ಟ ಹಾಗಾಯಿತು. ನಿಮ್ಮ ಒಂದೇ ಸಿಸಿಟಿವಿ ಅನ್ನುವ ಮಾತು ಇಲ್ಲಿ ನಿಲ್ಲುವುದಿಲ್ಲ.

ಸುಮ್ನೆ ಓದುಗ · ಮಂಗಳವಾರ, ಬೆಳಿಗ್ಗೆ 8:30

ನಮ್ಮ ದೇಶದ ಕಥೆ ಏನು? ಮಗಳು ಅದನ್ನೇ ಕೇಳುತ್ತಿದ್ದಾಳೆ. 2004ರ ಸುನಾಮಿ ಆದ ಮೇಲೆ ಏನೂ ಮಾಡಲಿಲ್ವಾ?

ತ್ಸುಕುಬಾ ತಮ್ಮ · ಮಂಗಳವಾರ, ಮಧ್ಯಾಹ್ನ 1:00

ಮಾಡಿದ್ದಾರೆ. 2007ರಲ್ಲಿ ಹೈದರಾಬಾದಿನ ಇನ್‌ಕಾಯ್ಸ್ ಅನ್ನುವ ಸರ್ಕಾರಿ ಸಮುದ್ರ ಮಾಹಿತಿ ಸಂಸ್ಥೆಯಲ್ಲಿ ಸುನಾಮಿ ಎಚ್ಚರಿಕೆ ಕೇಂದ್ರ ಶುರುವಾಯಿತು, ಚೆನ್ನಾಗಿಯೇ ಕೆಲಸ ಮಾಡುತ್ತಿದೆ. ಆದರೆ ನಮ್ಮದು ಬೋಯ್, ಅಂದರೆ ಲಂಗರು ಹಾಕಿದ ತೇಲುಬುರುಡೆಯ ಪದ್ಧತಿ. ತಳದಲ್ಲಿ ಒತ್ತಡ ಮಾಪಕ, ಅದು ನೀರಿನಲ್ಲಿ ಸದ್ದಿನ ಮೂಲಕ ಮೇಲಿನ ಬೋಯ್‌ಗೆ ಹೇಳುತ್ತದೆ, ಬೋಯ್ ಉಪಗ್ರಹಕ್ಕೆ ಹೇಳುತ್ತದೆ. ಯಂತ್ರ ನೋಡಿಕೊಳ್ಳುವವರು ಚೆನ್ನೈನ ಸಮುದ್ರ ತಂತ್ರಜ್ಞಾನ ಸಂಸ್ಥೆ, ಎನ್‌ಐಓಟಿ.

ಇನ್ನೊಂದು ನಮ್ಮದೇ ಇದೆ, ಇಂಡಾರ್ಕ್. ಉತ್ತರ ಧ್ರುವದ ಹತ್ತಿರ ಸ್ವಾಲ್‌ಬಾರ್ಡ್‌ನ ಕಾಂಗ್ಸ್‌ಫ್ಯೋರ್ಡ್‌ನಲ್ಲಿ 2014ರ ಜುಲೈಯಲ್ಲಿ 192 ಮೀಟರ್ ಆಳದಲ್ಲಿ ಇಳಿಸಿದ್ದು. ಆದರೆ ಅದಕ್ಕೂ ಕೇಬಲ್ ಇಲ್ಲ. ಲಂಗರು ಹಾಕಿ ಬಿಟ್ಟು, ಆಮೇಲೆ ಎತ್ತಿ ಮಾಹಿತಿ ತೆಗೆಯಬೇಕು. ಮೊದಲು ಅಕ್ಕ ಹೇಳಿದ ಬ್ಯಾಟರಿ ಸಂಸಾರವೇ.

ನನಗೆ ಹೊಟ್ಟೆ ಉರಿಯುವುದು ಬೇರೆ ವಿಷಯಕ್ಕೆ. 2020ರಲ್ಲಿ ಚೆನ್ನೈನಿಂದ ಅಂಡಮಾನಿಗೆ ಸುಮಾರು 2,300 ಕಿ.ಮೀ. ಇಂಟರ್ನೆಟ್ ಕೇಬಲ್ ಹಾಕಿದರು. ಹೋಗಿದ್ದೇ ಅಂಡಮಾನಿಗೆ, ಸುನಾಮಿ ಹುಟ್ಟುವ ಬಾಗಿಲಿಗೆ! ಇಂಥ ಕೇಬಲ್ಲಿನಲ್ಲಿ ಅಲ್ಲಲ್ಲಿ ಸಿಗ್ನಲ್‌ಗೆ ಬಲ ಕೊಡುವ ರಿಪೀಟರ್ ಪೆಟ್ಟಿಗೆಗಳಲ್ಲೇ ಒತ್ತಡ, ಕಂಪನ, ಉಷ್ಣತೆಯ ಮಾಪಕ ಕೂರಿಸುವ ಯೋಚನೆ ಪ್ರಪಂಚದಲ್ಲಿ ನಡೆಯುತ್ತಿದೆ. ಪೋರ್ಚುಗಲ್ ತನ್ನ ಅಜೋರ್ಸ್, ಮಡೈರಾ ದ್ವೀಪಗಳ ಹೊಸ ಕೇಬಲ್ಲಿಗೆ ಅದನ್ನೇ ಮಾಡಲು ಹೊರಟಿದೆ. ಮುಂದಿನ ಸಲ ಕೇಬಲ್ ಎಳೆಯುವಾಗಲಾದರೂ ನಮ್ಮವರು ನೆನಪಿಸಿಕೊಳ್ಳಬೇಕು.

ಮಲ್ಪೆ ಬಂದರು · ಮಂಗಳವಾರ, ರಾತ್ರಿ 9:40

ಬೋಯ್ ಅಂದಿರಲ್ಲ, ನಮ್ಮವರ ಮೇಲೆ ಒಂದು ಆರೋಪ ಇದೆ, ಬೋಯ್ ಹಾಳುಮಾಡುತ್ತಾರೆ ಅಂತ. ಪೂರ್ತಿ ಸುಳ್ಳು ಅನ್ನಲಾರೆ. ತೇಲುವ ವಸ್ತು ಕಂಡಲ್ಲಿ ಅದರ ನೆರಳಿಗೆ ಮೀನು ಸೇರುತ್ತದೆ. ಮೀನು ಇದ್ದಲ್ಲಿ ಬೋಟು ಹೋಗುತ್ತದೆ. ಹಗ್ಗ ಕಟ್ಟಿ ನಿಲ್ಲುವವರೂ ಇದ್ದಾರೆ. ಅದು ಯಾವುದರ ಬೋಯ್, ಯಾತಕ್ಕೆ ಅಂತ ಬಂದರಿನಲ್ಲಿ ಬಂದು ನಮ್ಮ ಭಾಷೆಯಲ್ಲಿ ಹೇಳಿದರೆ ಅರ್ಧ ತೊಂದರೆ ಹೋಗುತ್ತದೆ. ಜೂನ್, ಜುಲೈ ಎರಡು ತಿಂಗಳು ಮೀನುಗಾರಿಕೆ ನಿಷೇಧ, ಎಲ್ಲರೂ ಬಲೆ ಹೊಲಿಯುತ್ತಾ ದಡದಲ್ಲೇ ಇರುತ್ತಾರೆ. ಆಗ ಬನ್ನಿ.

ಅಂದ ಹಾಗೆ ವಿಕ್ಟೋರಿಯಾ ಅಕ್ಕ ಹೇಳಿದ ಹಾಗೆ ಖಾತೆ ತೆರೆದೆ. 894 ಮೀಟರ್ ಅಂದರೆ ಎಷ್ಟು ಅಂತ ಅಪ್ಪ ಕೇಳಿದರು. ನಮ್ಮಲ್ಲಿ ಆಳ ಹೇಳುವುದು ಮಾರಿನಲ್ಲಿ. ಹೆಚ್ಚುಕಡಿಮೆ 490 ಮಾರು ಅಂದೆ. ಅಲ್ಲಿಗೆ ಲೈಟ್ ಹಾಕಿದ್ದಾರಾ ಅಂತ ನಕ್ಕರು.

ಆಮೇಲೆ ಹೈಡ್ರೋಫೋನಿನ ಒಂದು ಐದು ನಿಮಿಷದ ಸದ್ದು ಇಳಿಸಿಕೊಂಡು ಇಯರ್‌ಫೋನ್ ಕೊಟ್ಟೆ. ತಿಮಿಂಗಿಲ ಕೇಳಿಸಬಹುದು ಅಂತ ಹೇಳಿದೆ. ಕಣ್ಣು ಮುಚ್ಚಿ ಕೇಳಿದರು. ತಿಮಿಂಗಿಲ ಎಂಥದೂ ಇಲ್ಲ, ದೊಡ್ಡ ಹಡಗು, ನಿಧಾನಕ್ಕೆ ಬರುತ್ತಾ ಇದೆ, ಲೋಡ್ ಇದೆ ಅಂದರು. ಮತ್ತೆ ಅರ್ಧ ನಿಮಿಷ ಬಿಟ್ಟು, ಪ್ರೊಪೆಲ್ಲರಿನ ಒಂದು ಎಲೆಗೆ ಪೆಟ್ಟಾಗಿದೆ ಅಂದರು. ನನಗೆ ಬರೀ ಗುಂಯ್ ಅನ್ನುತ್ತಿತ್ತು.

ವಿಕ್ಟೋರಿಯಾ ಕನ್ನಡತಿ · ಬುಧವಾರ, ಬೆಳಿಗ್ಗೆ 7:20

ಯಾವ ದಿನ, ಎಷ್ಟು ಗಂಟೆಯ ಸದ್ದು ಅದು? ಹಡಗುಗಳ ಓಡಾಟದ ದಾಖಲೆ ನೋಡಿ ಯಾವ ಹಡಗು ಅಂತ ಹುಡುಕುತ್ತೇನೆ. ಅಪ್ಪನಿಗೆ ಹೇಳಿ.

ಮಲ್ಪೆ ಬಂದರು · ಬುಧವಾರ, ಬೆಳಿಗ್ಗೆ 7:42

ಸಂಜೆ ಕಳಿಸುತ್ತೇನೆ ಅಕ್ಕ. ಫೋನ್ ಅಪ್ಪನ ಹತ್ತಿರ ಇದೆ, ಬೆಳಿಗ್ಗೆಯಿಂದ ಅದನ್ನೇ ಕೇಳುತ್ತಾ ಕೂತಿದ್ದಾರೆ. ಚಹಾ ಆರಿಹೋಯಿತು.